ಆಕ್ಸೊಲೋಟಲ್ ಸಾಕುವುದು ಹೇಗೆ? ಜೊತೆಗೆ ಮೀನು ಬಿಡಬಹುದಾ? ಚಿಕ್ಕಮಗಳೂರು, ಹಾಸನದ ಮನೆಗಳಿಗೆ ಸಮಗ್ರ ಮಾರ್ಗದರ್ಶಿ

ನಮ್ಮ ನಡುಮನೆಯ ಮೂಲೆಯಲ್ಲಿ ಒಂದು ಗಾಜಿನ ಟ್ಯಾಂಕ್ ಇದೆ. ಅದರಲ್ಲಿ ಗೇಣುದ್ದದ ಒಂದು ಬಿಳಿ ಪ್ರಾಣಿ. ತಲೆಯ ಎರಡೂ ಕಡೆ ಮೂರು ಮೂರು ಗುಲಾಬಿ ಬಣ್ಣದ ಕಿವಿರು, ಹಕ್ಕಿಯ ಗರಿಯ ಹಾಗೆ ನೀರಲ್ಲಿ ತೂಗಾಡುತ್ತಿರುತ್ತವೆ. ಹೆಸರು ಬೆಣ್ಣೆ. ಮನೆಗೆ ಬಂದವರು ಅದರ ಮುಂದೆ ನಿಂತು ಕೇಳುವುದು ಎರಡೇ ಪ್ರಶ್ನೆ. "ಇದ್ಯಾವ ಮೀನು?" ಅನ್ನುವುದು ಮೊದಲನೆಯದು. "ಪಾಪ, ಒಂದೇ ಇದೆಯಲ್ಲ, ಜೊತೆಗೆ ನಾಲ್ಕು ಬಣ್ಣದ ಮೀನು ಬಿಡಬಾರದಾ?" ಅನ್ನುವುದು ಎರಡನೆಯದು. ಮೊದಲ ಪ್ರಶ್ನೆಗೆ ಉತ್ತರ ಗೊತ್ತಾದರೆ ಎರಡನೆಯದಕ್ಕೆ ಉತ್ತರ ಅರ್ಧ ಸಿಕ್ಕ ಹಾಗೆ. ಇದು ಮೀನೇ ಅಲ್ಲ.

ಕಪ್ಪೆಯ ಬಳಗಕ್ಕೆ ಸೇರಿದ ಪ್ರಾಣಿ ಇದು, ಸಾಲಮಾಂಡರ್ ಜಾತಿಯದು. ಗದ್ದೆಯ ನೀರಲ್ಲಿ ಗೊದಮೊಟ್ಟೆ ನೋಡಿರುತ್ತೀರಿ. ಅದಕ್ಕೆ ಕಾಲು ಬರುತ್ತದೆ, ಕಿವಿರು ಹೋಗುತ್ತದೆ, ಕಪ್ಪೆಯಾಗಿ ದಡಕ್ಕೆ ಹಾರುತ್ತದೆ. ಆಕ್ಸೊಲೋಟಲ್ ಹಾಗಲ್ಲ. ನಾಲ್ಕು ಕಾಲು ಬಂದರೂ ಕಿವಿರು ಬಿಡುವುದಿಲ್ಲ, ನೀರು ಬಿಡುವುದಿಲ್ಲ. ಮರಿಯ ರೂಪದಲ್ಲೇ ದೊಡ್ಡದಾಗಿ, ಅದೇ ರೂಪದಲ್ಲಿ ಮೊಟ್ಟೆಯನ್ನೂ ಇಡುತ್ತದೆ. ಕಾಲು ತುಂಡಾದರೆ ಮತ್ತೆ ಬೆಳೆಸಿಕೊಳ್ಳುತ್ತದೆ. ಈ ಗುಣದಿಂದಾಗಿಯೇ ಜಗತ್ತಿನ ಪ್ರಯೋಗಾಲಯಗಳಲ್ಲಿ ಇದಕ್ಕೆ ಇಷ್ಟು ಬೇಡಿಕೆ. ಇದರ ಊರು ಮೆಕ್ಸಿಕೋ ನಗರದ ಸೊಚಿಮಿಲ್ಕೊ ಕಾಲುವೆಗಳು. ಆ ಜಾಗ ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಅಂದರೆ ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತಲೂ ಮೇಲೆ! ಈ ಒಂದು ಮಾತು ನೆನಪಿಟ್ಟುಕೊಳ್ಳಿ. ಮುಂದೆ ಹೇಳುವುದೆಲ್ಲ ಇದರಿಂದಲೇ ಹೊರಡುತ್ತದೆ. ಆ ಎತ್ತರದ ತಣ್ಣನೆ ನೀರಿಗೆ ಒಗ್ಗಿದ ಮೈ ಅದರದು.

ತನ್ನ ಊರಿನಲ್ಲಿ ಅದು ಈಗ ಅಳಿವಿನ ಅಂಚಿನಲ್ಲಿದೆ. ಸಾಕುವವರ ಬಳಿ ಇರುವವು ಕಾಡಿನವಲ್ಲ. 1864ರಲ್ಲಿ ಪ್ಯಾರಿಸ್‌ಗೆ ಹೋದ 34 ಪ್ರಾಣಿಗಳಿಂದ ಶುರುವಾದ ಸಾಕು ಸಂತತಿಯವೇ ಬಹುಪಾಲು.

ತರುವ ಮೊದಲು ಮಾಡಬೇಕಾದ್ದು

ಚೆನ್ನಾಗಿ ನೋಡಿಕೊಂಡರೆ 10ರಿಂದ 15 ವರ್ಷ ಬದುಕುತ್ತದೆ. ಏಳನೇ ಕ್ಲಾಸಿನ ಮಗು ಮೊಬೈಲ್ ಗೇಮಿನಲ್ಲಿ ನೋಡಿ ಬೇಕು ಅಂತ ಹಟ ಮಾಡಿದರೆ, ಆ ಮಗು ಕಾಲೇಜು ಮುಗಿಸಿ ಬೆಂಗಳೂರಿಗೆ ಕೆಲಸಕ್ಕೆ ಹೋದ ಮೇಲೂ ಪ್ರಾಣಿ ನಿಮ್ಮ ಮನೆಯಲ್ಲೇ ಇರುತ್ತದೆ. ಅದನ್ನು ಮೊದಲೇ ಯೋಚನೆ ಮಾಡಿ.

ಎರಡನೆಯದು ಕಾನೂನು. ಕಾಡು ಪ್ರಾಣಿ, ಸಸ್ಯಗಳ ವ್ಯಾಪಾರಕ್ಕೆ ಹಿಡಿತ ಹಾಕುವ ಸೈಟಿಸ್ ಅನ್ನುವ ಅಂತರರಾಷ್ಟ್ರೀಯ ಒಪ್ಪಂದದ ಎರಡನೇ ಪಟ್ಟಿಯಲ್ಲಿ ಆಕ್ಸೊಲೋಟಲ್ ಇದೆ. ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾದ ಮೇಲೆ ಅಂಥ ಪ್ರಾಣಿಗಳೂ ಕಾಯ್ದೆಯೊಳಗೆ ಬಂದವು. 2024ರ ನಿಯಮದ ಪ್ರಕಾರ, ಪ್ರಾಣಿ ಕೈಗೆ ಬಂದ 30 ದಿನದೊಳಗೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು. ಮರಿ ಹಾಕಿದರೆ, ಬೇರೆಯವರಿಗೆ ಕೊಟ್ಟರೆ ಅದನ್ನೂ ತಿಳಿಸಬೇಕು. ಮಾರುವವರ ಹತ್ತಿರ ಬಿಲ್ಲು, ಕಾಗದ ಕೇಳಿ. "ಅದೆಲ್ಲ ಬೇಡ ಬಿಡಿ" ಅಂದರೆ ಅಲ್ಲಿಂದ ತರಬೇಡಿ. ಅನುಮಾನ ಇದ್ದರೆ ಅರಣ್ಯ ಇಲಾಖೆಯ ಕಚೇರಿಯಲ್ಲಿ ಮೊದಲೇ ವಿಚಾರಿಸಿ.

ಮೂರನೆಯದು ಡಾಕ್ಟರು. ನಾಯಿ, ಹಸು ನೋಡುವ ಎಲ್ಲರೂ ಇದನ್ನು ನೋಡುವುದಿಲ್ಲ. ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ. ಪ್ರಾಣಿ ತರುವ ಮೊದಲೇ ಅಲ್ಲಿ ಹೋಗಿ, ಇಂಥದ್ದನ್ನು ನೋಡುವವರು ಯಾರಿದ್ದಾರೆ ಅಂತ ಕೇಳಿಟ್ಟುಕೊಳ್ಳಿ. ಕಾಯಿಲೆ ಬಿದ್ದ ಮೇಲೆ ಫೋನ್ ನಂಬರ್ ಹುಡುಕುವ ಪರಿಸ್ಥಿತಿ ಬೇಡ.

ಟ್ಯಾಂಕ್

ಒಂದು ಪ್ರಾಣಿಗೆ ಕಡಿಮೆ ಅಂದರೂ 100 ಲೀಟರ್ ಹಿಡಿಯುವ ಟ್ಯಾಂಕ್ ಬೇಕು. ಮೂರು ಅಡಿ ಉದ್ದ, ಒಂದು ಅಡಿ ಅಗಲ, ಒಂದೂಕಾಲು ಅಡಿ ಎತ್ತರದ್ದಕ್ಕೆ ಸುಮಾರು 106 ಲೀಟರ್ ಹಿಡಿಯುತ್ತದೆ. ಅಗಲ ಒಂದೂವರೆ ಅಡಿ ಮಾಡಿಸಿದರೆ ಇನ್ನೂ ಒಳ್ಳೆಯದು. ಇದು ಈಜುವುದಕ್ಕಿಂತ ತಳದಲ್ಲಿ ನಡೆದಾಡುವುದೇ ಜಾಸ್ತಿ. ಹಾಗಾಗಿ ಎತ್ತರಕ್ಕಿಂತ ನೆಲ ಮುಖ್ಯ. ಒಂದು ಲೀಟರ್ ನೀರು ಅಂದರೆ ಒಂದು ಕೆಜಿ. ಗಾಜೂ ಸೇರಿ 130 ಕೆಜಿ ದಾಟುತ್ತದೆ. ಹಳೇ ಟೀವಿ ಸ್ಟ್ಯಾಂಡ್ ಮೇಲೆ ಇಡಬೇಡಿ, ಕಬ್ಬಿಣದ ಸ್ಟ್ಯಾಂಡ್ ಮಾಡಿಸಿ.

ಎಲ್ಲಿ ಇಡಬೇಕು ಅನ್ನುವುದು ಟ್ಯಾಂಕಿನಷ್ಟೇ ದೊಡ್ಡ ವಿಷಯ. ಬಿಸಿಲು ಬೀಳುವ ಕಿಟಕಿ ಬೇಡ. ತಾರಸಿ ಮನೆಯ ಮೇಲಿನ ಮಹಡಿ ಬೇಡ. ಶೀಟ್ ಹೊದಿಸಿದ ಕೋಣೆಯಂತೂ ಬೇಡವೇ ಬೇಡ. ಹಳೇ ಹಂಚಿನ ಮನೆ ಇರುವವರು ಪುಣ್ಯವಂತರು. ದಪ್ಪ ಮಣ್ಣಿನ ಗೋಡೆ, ರೆಡ್ ಆಕ್ಸೈಡ್ ನೆಲ, ಅಟ್ಟ ಇರುವ ಕತ್ತಲೆ ಕೋಣೆ ಮಧ್ಯಾಹ್ನವೂ ತಣ್ಣಗಿರುತ್ತದೆ. ಅದೇ ಅದರ ಜಾಗ. ಕತ್ತಲೆ ಅಂತ ಬೇಜಾರು ಬೇಡ. ಇದಕ್ಕೆ ಕಣ್ಣುರೆಪ್ಪೆ ಇಲ್ಲ, ಜೋರು ಲೈಟು ಇದಕ್ಕೆ ಹಿಂಸೆ.

ತಳಕ್ಕೆ ಜಲ್ಲಿ ಹಾಕಲೇಬೇಡಿ. ಅಂಗಡಿಯಲ್ಲಿ ಸಿಗುವ ನೀಲಿ, ಹಸಿರು ಬಣ್ಣದ ಕಲ್ಲುಗಳು ನೋಡಲು ಚೆಂದ. ಆದರೆ ಈ ಪ್ರಾಣಿ ಊಟ ಮಾಡುವುದು ಬಾಯಿ ತೆರೆದು ನೀರಿನ ಸಮೇತ ಒಳಗೆ ಎಳೆದುಕೊಂಡು. ಹುಳುವಿನ ಜೊತೆ ಕಲ್ಲೂ ಹೋಗುತ್ತದೆ, ಕರುಳಲ್ಲಿ ಸಿಕ್ಕಿಕೊಳ್ಳುತ್ತದೆ. ಅರ್ಧ ಗೇಣಿನ ಮರಿಗಳಿಗೆ ಬರೀ ಗಾಜಿನ ತಳವೇ ಸಾಕು. ದೊಡ್ಡದಾದ ಮೇಲೆ ಬೇಕಿದ್ದರೆ ತುಂಬ ನಯವಾದ ಮರಳು ಹಾಕಬಹುದು. ಅಡಗಿ ಕೂರಲು ನಾಲ್ಕು ಇಂಚಿನ ಪಿವಿಸಿ ಪೈಪಿನ ತುಂಡು ಇಡಿ, ಅಂಚನ್ನು ಉಪ್ಪುಕಾಗದದಲ್ಲಿ ಉಜ್ಜಿ ನಯ ಮಾಡಿ. ಅಡ್ಡ ಮಲಗಿಸಿದ ಮಣ್ಣಿನ ಕುಂಡವೂ ಆಗುತ್ತದೆ. ಮೇಲೆ ಜಾಲರಿ ಮುಚ್ಚಳ ಬೇಕು, ಒಮ್ಮೊಮ್ಮೆ ಹಾರಿಬಿಡುತ್ತದೆ. ಫಿಲ್ಟರ್‌ಗೆ ಏರ್ ಪಂಪಿಗೆ ಸಿಕ್ಕಿಸುವ ಸ್ಪಂಜ್ ಫಿಲ್ಟರ್ ಒಳ್ಳೆಯದು. ಜೋರಾಗಿ ನೀರು ಹರಿಸುವ ಫಿಲ್ಟರ್ ಹಾಕಿದರೆ ದಿನವಿಡೀ ಹೊಳೆಗೆ ಎದುರಾಗಿ ನಿಂತ ಹಾಗೆ ಸುಸ್ತಾಗುತ್ತದೆ. ಹೀಟರ್ ಬೇಡ.

ನೀರು: ನಮ್ಮ ಕಡೆ ಇಲ್ಲೇ ತಪ್ಪು ಜಾಸ್ತಿ

ಮಲೆನಾಡಿನ ಕಡೆ, ಅಂದರೆ ಮೂಡಿಗೆರೆ, ಕೊಪ್ಪ, ಸಕಲೇಶಪುರದ ಕಡೆ ಬಾವಿ, ಹಳ್ಳದ ನೀರು ಮೆದು. ಕಡೂರು, ಅರಸೀಕೆರೆ ಕಡೆ ಬೋರ್‌ವೆಲ್ ನೀರು ಗಡಸು. ಆಕ್ಸೊಲೋಟಲ್‌ಗೆ ಸ್ವಲ್ಪ ಗಡಸು ನೀರೇ ಹಿಡಿಸುತ್ತದೆ. ಪಿಎಚ್ 7.4ರಿಂದ 7.6ರ ಆಸುಪಾಸು ಇದ್ದರೆ ಚೆನ್ನ. ಮೆದು ನೀರಲ್ಲಿ ಇನ್ನೊಂದು ಕಷ್ಟ ಇದೆ. ಪಿಎಚ್ ಒಂದು ಕಡೆ ನಿಲ್ಲುವುದಿಲ್ಲ, ದಿನ ಕಳೆದಂತೆ ಇಳಿಯುತ್ತದೆ, ಕೊಳೆ ತಿನ್ನುವ ಬ್ಯಾಕ್ಟೀರಿಯಾ ಕೆಲಸ ನಿಲ್ಲಿಸುತ್ತದೆ. ಮಲೆನಾಡಿನವರು ಒಂದು ಹಿಡಿ ಪುಡಿಹವಳವನ್ನು ಸಣ್ಣ ಬಲೆಚೀಲದಲ್ಲಿ ಕಟ್ಟಿ ಫಿಲ್ಟರ್ ಪಕ್ಕ ಇಟ್ಟರೆ ಸಾಕು.

ನಲ್ಲಿ ನೀರಲ್ಲಿ ಕ್ಲೋರಿನ್ ಇರುತ್ತದೆ. ಮಳೆಗಾಲದಲ್ಲಿ ಹಳ್ಳಿಯ ಬಾವಿಗೂ ಬ್ಲೀಚಿಂಗ್ ಪೌಡರ್ ಹಾಕುತ್ತಾರೆ. ಎರಡಕ್ಕೂ ಅಂಗಡಿಯಲ್ಲಿ ಸಿಗುವ ಆಂಟಿ ಕ್ಲೋರಿನ್ ಹನಿ ಹಾಕಿಯೇ ನೀರು ಬಳಸಿ.

ಈಗ ಹೇಳುವುದನ್ನು ಬೇರೆ ಊರಿನವರು ಬರೆದ ಮಾಹಿತಿಯಲ್ಲಿ ನಾನು ಕಂಡಿಲ್ಲ, ಆದರೆ ತೋಟದ ನಡುವೆ ಇರುವ ನಮಗೆ ಇದು ಜೀವದ ಪ್ರಶ್ನೆ. ಕೊಳೆರೋಗಕ್ಕೆ ಅಂತ ಅಡಿಕೆಗೆ, ಕಾಫಿಗೆ ಬೋರ್ಡೋ ಹೊಡೆಯುತ್ತೇವೆ. ಬೋರ್ಡೋ ಅಂದರೆ ಮೈಲುತುತ್ತ ಮತ್ತು ಸುಣ್ಣ. ಮೈಲುತುತ್ತ ಅಂದರೆ ತಾಮ್ರ. ಕಪ್ಪೆಯ ಬಳಗಕ್ಕೆ ತಾಮ್ರ ವಿಷ. ಚರ್ಮದಿಂದಲೇ ಎಲ್ಲವನ್ನೂ ಹೀರುವ ಪ್ರಾಣಿ ಇದು. ಹಾಗಾಗಿ ಔಷಧಿ ಹೊಡೆಯುವ ದಿನಗಳಲ್ಲಿ ತೋಟದ ಹಳ್ಳದ ನೀರು, ಹಂಚಿನ ಮೇಲಿಂದ ಹಿಡಿದ ಮಳೆನೀರು ಟ್ಯಾಂಕಿಗೆ ಬೇಡ. ಔಷಧಿ ಕಲೆಸಿದ ಡ್ರಮ್ಮು, ಬಕೆಟ್ಟು ಎಷ್ಟೇ ತೊಳೆದರೂ ಬೇಡ. ತಾಮ್ರದ ಹಂಡೆಯ ನೀರೂ ಬೇಡ. ಟ್ಯಾಂಕಿಗೆ ಅಂತಲೇ ಎರಡು ಪ್ಲಾಸ್ಟಿಕ್ ಬಕೆಟ್ ಎತ್ತಿಡಿ. ನಮ್ಮ ಮನೆಯಲ್ಲಿ ಅವಕ್ಕೆ ಬಿಳಿ ಪೇಂಟಿನ ಗುರುತು ಹಾಕಿದ್ದೇನೆ. ಅದಕ್ಕೆ ಸೋಪು, ಫಿನಾಯಿಲ್ ಏನೂ ತಾಗುವ ಹಾಗಿಲ್ಲ ಅಂತ ಎಲ್ಲರಿಗೂ ಗೊತ್ತು.

ಟ್ಯಾಂಕ್ ಹದ ಮಾಡುವುದು

ನೀರು ತುಂಬಿದ ದಿನವೇ ಪ್ರಾಣಿ ಬಿಟ್ಟರೆ ಅದರ ಹೇಲು ಉಚ್ಚೆಯಿಂದ ಬರುವ ಅಮೋನಿಯ ಅದನ್ನೇ ಸುಡುತ್ತದೆ. ಅಮೋನಿಯವನ್ನು ಒಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುತ್ತದೆ. ಅದೂ ವಿಷವೇ. ಇನ್ನೊಂದು ಬಗೆಯದು ಅದನ್ನು ನೈಟ್ರೇಟ್ ಮಾಡುತ್ತದೆ. ಅದು ಸ್ವಲ್ಪ ಇದ್ದರೆ ತೊಂದರೆ ಇಲ್ಲ. ಈ ಬ್ಯಾಕ್ಟೀರಿಯಾ ಸ್ಪಂಜಿನಲ್ಲಿ ಬೆಳೆಯಲು ನಾಲ್ಕರಿಂದ ಎಂಟು ವಾರ ಬೇಕು. ಮನೆಯಲ್ಲಿ ದೋಸೆ ಹಿಟ್ಟು ಚಳಿಗಾಲದಲ್ಲಿ ಬೇಗ ಹುಳಿ ಬರುವುದಿಲ್ಲ ಅಲ್ವಾ? ಇದೂ ಹಾಗೇ. ತಣ್ಣನೆ ನೀರಲ್ಲಿ ನಿಧಾನ. ಹಾಗಾಗಿ ಖಾಲಿ ಟ್ಯಾಂಕನ್ನು ಬೇಸಿಗೆಯಲ್ಲಿ ಹದ ಮಾಡಲು ಬಿಟ್ಟು, ಮಳೆ ಶುರುವಾದ ಮೇಲೆ ಪ್ರಾಣಿ ತರುವುದು ನಮ್ಮ ಕಡೆಗೆ ಸರಿಯಾದ ಲೆಕ್ಕ.

ದಿನಾ ಒಂದು ಚಿಟಿಕೆ ಮೀನಿನ ಆಹಾರ ಹಾಕುತ್ತಾ ಬನ್ನಿ. ಅದು ಕೊಳೆತು ಅಮೋನಿಯ ಬರುತ್ತದೆ. ಮೂರು ದಿನಕ್ಕೊಮ್ಮೆ ದ್ರವದ ಟೆಸ್ಟ್ ಕಿಟ್‌ನಲ್ಲಿ ನೋಡಿ. ಮೊದಲು ಅಮೋನಿಯ ಏರುತ್ತದೆ. ಆಮೇಲೆ ಅದು ಇಳಿದು ನೈಟ್ರೈಟ್ ಏರುತ್ತದೆ. ಕೊನೆಗೆ ಎರಡೂ ಸೊನ್ನೆಗೆ ಬಂದು, ಆಹಾರ ಹಾಕಿದ ಮರುದಿನವೂ ಸೊನ್ನೆಯಲ್ಲೇ ನಿಲ್ಲಬೇಕು. ಆಗ ಅರ್ಧಕ್ಕಿಂತ ಜಾಸ್ತಿ ನೀರು ಬದಲಿಸಿ. ಟ್ಯಾಂಕ್ ಸಿದ್ಧ. ಈ ಎಂಟು ವಾರ ಕಾಯಲು ಆಗದವರು ಈ ಪ್ರಾಣಿ ತರಬಾರದು ಅಂತ ನನ್ನ ಖಚಿತ ಅಭಿಪ್ರಾಯ.

ಮಾರ್ಚಿನಿಂದ ಮೇ ತನಕ

"ಚಿಕ್ಕಮಗಳೂರಲ್ಲಿ ಹೇಗೂ ತಂಪು, ಚಿಲ್ಲರ್ ಯಾಕೆ?" ಅಂತ ಕೇಳುತ್ತಾರೆ. ಚಿಲ್ಲರ್ ಅಂದರೆ ಟ್ಯಾಂಕಿನ ನೀರನ್ನು ತಣ್ಣಗಿಡುವ ಯಂತ್ರ. ಅರ್ಧ ನಿಜ. ಈ ಪ್ರಾಣಿಗೆ ನೀರು 16ರಿಂದ 18 ಡಿಗ್ರಿ ಇರಬೇಕು. 20ರ ತನಕ ನಡೆಯುತ್ತದೆ. 22 ದಾಟಿದರೆ ಅದಕ್ಕೆ ಕಷ್ಟ ಶುರು. 24ರ ಮೇಲೆ ಕೆಲವು ದಿನ ಹಾಗೇ ಇದ್ದರೆ ಜೀವಕ್ಕೇ ಅಪಾಯ. ನಮ್ಮ ಮನೆಯ ಟ್ಯಾಂಕಿನಲ್ಲಿ ಪುಷ್ಯ ಮಾಸದ ಚಳಿಯಲ್ಲಿ 18 ತೋರಿಸುತ್ತದೆ, ಆಷಾಢದ ಮಳೆಯಲ್ಲಿ 20. ಆದರೆ ಏಪ್ರಿಲ್ ಮಧ್ಯಾಹ್ನ, ಏನೂ ಮಾಡದೆ ಬಿಟ್ಟರೆ 26. ನಮಗೆ ಹಿತ ಅನ್ನಿಸುವ ತಂಪು ಬೇರೆ, ಅದಕ್ಕೆ ಬೇಕಾದ ತಂಪು ಬೇರೆ. ಹಾಸನ ಪೇಟೆಯಲ್ಲೂ ಇದೇ ಕಥೆ. ಕಡೂರು, ಅರಸೀಕೆರೆ ಕಡೆಯವರು ಚಿಲ್ಲರ್ ಇಲ್ಲದೆ ಇದರ ಆಸೆ ಬಿಡುವುದೇ ಒಳ್ಳೆಯದು.

ಚಿಲ್ಲರ್ ದುಬಾರಿ. ಟ್ಯಾಂಕ್, ಸ್ಟ್ಯಾಂಡ್, ಫಿಲ್ಟರ್ ಎಲ್ಲ ಸೇರಿದರೂ ಅದರ ಬೆಲೆಗೆ ಬರುವುದಿಲ್ಲ. ಅದನ್ನು ಕೊಳ್ಳಲು ಆಗುವವರು ಕೊಂಡುಬಿಡಿ, ಮುಂದಿನ ಎರಡು ಪ್ಯಾರಾ ನಿಮಗೆ ಬೇಡ.

ಉಳಿದವರಿಗೆ ಫ್ಯಾನ್. ಟ್ಯಾಂಕಿನ ಅಂಚಿಗೆ ಸಿಕ್ಕಿಸುವ ಸಣ್ಣ ಫ್ಯಾನುಗಳು ಸಿಗುತ್ತವೆ. ಗಾಳಿ ನೀರಿನ ಮೇಲ್ಮೈ ಸವರಿಕೊಂಡು ಹೋಗುವ ಹಾಗೆ ಓರೆಯಾಗಿ ಇಡಿ. ನೀರು ಆರುವಾಗ ಶಾಖ ತೆಗೆದುಕೊಂಡು ಹೋಗುತ್ತದೆ. ಮಣ್ಣಿನ ಮಡಕೆಯ ನೀರು ತಣ್ಣಗಾಗುವುದೂ ಹೀಗೇ. ಎರಡರಿಂದ ನಾಲ್ಕು ಡಿಗ್ರಿ ಇಳಿಯುತ್ತದೆ. ಮಾರ್ಚಿನ ಒಣ ಗಾಳಿಯಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಕಾಫಿಗೆ ಹೂಮಳೆ ಬಿದ್ದು, ಆಮೇಲೆ ಬಿಸಿಲು ಕಾಯ್ದು, ಗಾಳಿಯಲ್ಲಿ ತೇವ ಏರಿದ ದಿನಗಳಲ್ಲಿ ಫ್ಯಾನಿನ ಕೈ ಸೋಲುತ್ತದೆ. ಆ ದಿನಗಳೇ ಎಚ್ಚರದ ದಿನಗಳು. ಆರಿದ ನೀರಿನ ಜಾಗಕ್ಕೆ ಆರ್‌ಒ ನೀರೋ ಮೆದು ನೀರೋ ಹಾಕಿ. ಗಡಸು ನೀರನ್ನೇ ಹಾಕುತ್ತಾ ಹೋದರೆ ಉಪ್ಪಿನ ಅಂಶ ಟ್ಯಾಂಕಿನಲ್ಲೇ ಕೂಡುತ್ತಾ ಹೋಗುತ್ತದೆ.

ಫ್ಯಾನ್ ಸಾಲದ ದಿನ ಐಸ್ ಬಾಟಲಿ. ಎರಡು ಲೀಟರಿನ ಬಾಟಲಿಗಳಲ್ಲಿ ಮುಕ್ಕಾಲು ನೀರು ತುಂಬಿ ಫ್ರೀಜರಿನಲ್ಲಿ ಇಟ್ಟಿರಿ. ಮುಚ್ಚಳ ಬಿಗಿ ಮಾಡಿ ಟ್ಯಾಂಕಿನಲ್ಲಿ ತೇಲಿಬಿಡಿ. ಐಸ್ ತುಂಡನ್ನು ನೇರವಾಗಿ ಸುರಿಯಬೇಡಿ. ಒಮ್ಮೆಲೇ ಎರಡು ಡಿಗ್ರಿಗಿಂತ ಜಾಸ್ತಿ ಇಳಿಸಬೇಡಿ. ಬಿಸಿ ಎಷ್ಟು ಕೆಟ್ಟದ್ದೋ, ಗಂಟೆಗೊಮ್ಮೆ ಏರಿಳಿಯುವುದೂ ಅಷ್ಟೇ ಕೆಟ್ಟದ್ದು. ಇದು ಹತ್ತು ದಿನದ ಉಪಾಯ, ವರ್ಷದ ಉಪಾಯ ಅಲ್ಲ. ಮೊದಲ ಬೇಸಿಗೆಯಲ್ಲಿ ನಾನು ಬೆಳಿಗ್ಗೆ ಏಳಕ್ಕೆ, ಮಧ್ಯಾಹ್ನ ಒಂದಕ್ಕೆ, ಸಂಜೆ ಐದಕ್ಕೆ ಬಾಟಲಿ ಬದಲಿಸಿದೆ. ಅಮ್ಮ ಸ್ವೆಟರ್ ಹಾಕಿಕೊಂಡು ಪಕ್ಕದಲ್ಲಿ ನಿಂತು, "ಅದಕ್ಕೆ ಚಳಿ ಆಗಲ್ವೇನೋ?" ಅಂತ ಕೇಳುತ್ತಿದ್ದರು. ಮೇ ತಿಂಗಳಲ್ಲಿ ಒಂದು ದಿನ ನಾನು ಊರಲ್ಲಿ ಇರಲಿಲ್ಲ. ಅವರೇ ಫೋನ್ ಮಾಡಿ, "23 ಆಗಿದೆ ಕಣೋ, ಬಾಟ್ಲಿ ಹಾಕ್ದೆ" ಅಂದರು.

ಮೀನಿನ ಜೊತೆ ಬಿಡಬಹುದಾ?

ಬೇಡ. ಯಾಕೆ ಅಂತ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಈ ತಪ್ಪನ್ನು ನಾನೇ ಮಾಡಿದ್ದೇನೆ.

ಬೆಣ್ಣೆ ಬಂದ ಮೊದಲ ವರ್ಷ ಗಾಜಿನ ಮೇಲೆ ಪಾಚಿ ಕಟ್ಟುತ್ತಿತ್ತು. ಅಂಗಡಿಯವರು ಒಂದು ಸಕ್ಕರ್ ಮೀನು ಕೊಟ್ಟು, "ಏನೂ ಆಗಲ್ಲ ಸಾರ್, ಟ್ಯಾಂಕ್ ಕ್ಲೀನ್ ಆಗಿರುತ್ತೆ" ಅಂದರು. ತಂದು ಬಿಟ್ಟೆ. ನಾಲ್ಕು ದಿನ ಏನೂ ಆಗಲಿಲ್ಲ. ಐದನೇ ದಿನ ರಾತ್ರಿ ಹನ್ನೊಂದಕ್ಕೆ ನೀರು ಕುಡಿಯಲು ಎದ್ದವನು ಟಾರ್ಚ್ ಹಾಕಿ ನೋಡಿದೆ. ಸಕ್ಕರ್ ಬೆಣ್ಣೆಯ ಬೆನ್ನಿನ ಮೇಲೆ ಬಾಯಿ ಅಂಟಿಸಿ ಕೂತಿತ್ತು. ಬೆಣ್ಣೆ ಒದ್ದಾಡುತ್ತಾ ಪೈಪಿಗೆ ಮೈ ಉಜ್ಜುತ್ತಿತ್ತು. ಬೆಳಿಗ್ಗೆ ನೋಡಿದರೆ ಬೆನ್ನಿನ ಮೇಲೆ ಎರಡು ರೂಪಾಯಿ ನಾಣ್ಯದಷ್ಟು ಅಗಲ ಕೆಂಪು ಗಾಯ, ಸುತ್ತ ಲೋಳೆಯೇ ಇಲ್ಲ. ವಾಸಿಯಾಗಲು ಮೂರು ವಾರ ಹಿಡಿಯಿತು. ಸಕ್ಕರ್‌ದು ತಪ್ಪಲ್ಲ. ಉಜ್ಜಿ ತಿನ್ನುವುದು ಅದರ ಸ್ವಭಾವ, ಲೋಳೆ ಮೈಯ ನಿಧಾನ ಪ್ರಾಣಿ ಅದಕ್ಕೆ ಪಾಚಿ ಕಟ್ಟಿದ ಕಲ್ಲಿನ ಹಾಗೇ. ಆ ಲೋಳೆಯೇ ಆಕ್ಸೊಲೋಟಲ್‌ಗೆ ಕವಚ. ಅದು ಹೋದರೆ ಬೂಷ್ಟು, ಸೋಂಕು ಎಲ್ಲ ನೇರವಾಗಿ ಒಳಗೆ.

ಬೇರೆ ಮೀನುಗಳ ವಿಷಯಕ್ಕೆ ಬನ್ನಿ. ಟೈಗರ್ ಬಾರ್ಬ್, ಟೆಟ್ರಾ, ಏಂಜೆಲ್, ಫೈಟರ್, ಸಿಕ್ಲಿಡ್ ಇವೆಲ್ಲ ತೂಗಾಡುವ ಕಿವಿರನ್ನು ಹುಳು ಅಂದುಕೊಂಡು ಕಚ್ಚುತ್ತವೆ. "ಮತ್ತೆ ಬೆಳೆಯುತ್ತಲ್ಲ" ಅನ್ನುವವರಿದ್ದಾರೆ. ಬೆಳೆಯುತ್ತದೆ, ನಿಜ. ಹಾಗಂತ ನೋವಾಗುವುದಿಲ್ಲ ಅಂತಲ್ಲ. ದಿನಾ ಕಚ್ಚಿಸಿಕೊಳ್ಳುತ್ತಿದ್ದರೆ ಬೆಳೆಯಲು ಬಿಡುವಾದರೂ ಎಲ್ಲಿ? ಇವುಗಳಿಗೆ ಬೇಕಾದ ನೀರು 24ರಿಂದ 28 ಡಿಗ್ರಿ. ಒಂದಕ್ಕೆ ಹಿತವಾದದ್ದು ಇನ್ನೊಂದಕ್ಕೆ ಜ್ವರ. ನಡುವಿನ 22 ಇಟ್ಟರೆ ಇಬ್ಬರಿಗೂ ಸುಖ ಇಲ್ಲ.

ಗೋಲ್ಡ್ ಫಿಶ್ ತಣ್ಣೀರಿನದ್ದು, ಅದು ಆಗಬಹುದಲ್ಲ ಅಂತ ತುಂಬ ಜನ ಕೇಳುತ್ತಾರೆ. ಆಗುವುದಿಲ್ಲ. ಅದೂ ಕಿವಿರು ಕಚ್ಚುತ್ತದೆ. ಗಲೀಜು ಮಾಡುವುದರಲ್ಲಿ ಅದನ್ನು ಮೀರಿಸುವವರಿಲ್ಲ. ಗೋಲ್ಡ್ ಫಿಶ್ ಸಣ್ಣದಿದ್ದರೆ ಆಕ್ಸೊಲೋಟಲ್ ಅದನ್ನು ನುಂಗುತ್ತದೆ. ಗೋಲ್ಡ್ ಫಿಶ್ ಮೈಯಲ್ಲಿ ಥಯಾಮಿನೇಸ್ ಅನ್ನುವ ಪದಾರ್ಥ ಇದೆ, ಅದು ಬಿ1 ಜೀವಸತ್ವವನ್ನು ಹಾಳು ಮಾಡುತ್ತದೆ. ಆಗಾಗ ತಿಂದರೆ ನಿಶ್ಶಕ್ತಿ ಬರುತ್ತದೆ. ಕೋರಿ ಮುಂತಾದ ಕ್ಯಾಟ್ ಫಿಶ್ ಇನ್ನೂ ಅಪಾಯ. ರೆಕ್ಕೆಯಲ್ಲಿ ಗಟ್ಟಿ ಮುಳ್ಳು ಇದೆ. ಹೆದರಿದಾಗ ಮುಳ್ಳು ನೆಟ್ಟಗೆ ನಿಲ್ಲಿಸುತ್ತದೆ. ನುಂಗಲು ಹೋದ ಪ್ರಾಣಿಯ ಗಂಟಲಲ್ಲಿ ಸಿಕ್ಕಿ ಎರಡೂ ಸಾಯಬಹುದು.

ಗಪ್ಪಿ? ರಾತ್ರಿ ಹತ್ತು ಇದ್ದರೆ ಬೆಳಿಗ್ಗೆ ಆರು. ಜೊತೆಗೆ ಅಂಗಡಿಯಿಂದ ಬಂದ ಮೀನಿನ ಜೊತೆ ಪರೋಪಜೀವಿಗಳೂ ಬರುತ್ತವೆ. ಮಳೆ ಶುರುವಾದಾಗ ಗದ್ದೆಗೆ ಹತ್ತುಮೀನು ಬರುತ್ತವಲ್ಲ, ಮಕ್ಕಳು ಹಿಡಿದು ತಂದು ಟ್ಯಾಂಕಿಗೆ ಬಿಡಲು ನೋಡುತ್ತಾರೆ. ಅದೂ ಬೇಡ, ಅದೇ ಕಾರಣಕ್ಕೆ.

ಯಾರೂ ಅಷ್ಟಾಗಿ ಯೋಚಿಸದ ಇನ್ನೊಂದು ವಿಷಯ ಔಷಧಿ. ಮೀನಿಗೆ ಬಿಳಿ ಚುಕ್ಕೆ ರೋಗ ಬಂದರೆ ನೀರು ಬಿಸಿ ಮಾಡುತ್ತಾರೆ, ಇಲ್ಲವೇ ತಾಮ್ರ ಅಥವಾ ಮ್ಯಾಲಕೈಟ್ ಗ್ರೀನ್ ಇರುವ ಔಷಧಿ ಹಾಕುತ್ತಾರೆ. ಆಕ್ಸೊಲೋಟಲ್‌ಗೆ ಬಿಸಿಯೂ ಆಗದು, ಆ ಔಷಧಿಗಳೂ ಆಗವು. ಒಂದೇ ಟ್ಯಾಂಕಿನಲ್ಲಿದ್ದರೆ ಒಂದನ್ನು ಉಳಿಸಲು ಹೋಗಿ ಇನ್ನೊಂದನ್ನು ಕಳೆದುಕೊಳ್ಳುತ್ತೀರಿ.

ತಣ್ಣೀರಿನಲ್ಲಿ ಬಾಳುವ, ಮುಳ್ಳಿಲ್ಲದ, ಅಷ್ಟಾಗಿ ಕಚ್ಚದ ಮೀನು ಅಂತ ಹೆಸರು ಕೇಳಿಬರುವುದು ಒಂದೇ: ಚೀನಾದ ಬೆಟ್ಟದ ಹಳ್ಳಗಳ ವೈಟ್ ಕ್ಲೌಡ್ ಮಿನ್ನೊ. ಕಿರುಬೆರಳಿಗಿಂತ ಚಿಕ್ಕದು. ಇಷ್ಟು ಹೇಳಿದ ಮೇಲೂ ಬಿಡಲೇಬೇಕು ಅನ್ನುವವರು ಇದೊಂದನ್ನು ಬಿಡಬಹುದು. ಅದನ್ನೂ ಬೇರೆ ಟಬ್ಬಿನಲ್ಲಿ ಒಂದು ತಿಂಗಳು ಇಟ್ಟು, ಕಾಯಿಲೆ ಇಲ್ಲ ಅಂತ ಖಾತ್ರಿಯಾದ ಮೇಲೆ. ತಿಂದುಬಿಟ್ಟರೆ ಬೇಜಾರು ಮಾಡಿಕೊಳ್ಳುವ ಹಾಗಿಲ್ಲ. ನಾನಂತೂ ಬಿಡುವುದಿಲ್ಲ. ಆಕ್ಸೊಲೋಟಲ್‌ಗೆ ಜೊತೆ ಬೇಕು ಅನ್ನುವುದು ನಮ್ಮ ಮನಸ್ಸಿನ ಮಾತು. ಅದು ಒಂಟಿಯಾಗಿಯೇ ಆರಾಮಾಗಿರುತ್ತದೆ.

ಇನ್ನೊಂದು ಆಕ್ಸೊಲೋಟಲ್ ಬಿಡಬಹುದು, ಟ್ಯಾಂಕ್ ದೊಡ್ಡದಿದ್ದರೆ, ಎರಡೂ ಒಂದೇ ಗಾತ್ರದವಾದರೆ, ಎರಡೂ ಗಂಡು ಅಥವಾ ಎರಡೂ ಹೆಣ್ಣಾದರೆ. ಮರಿಗಳನ್ನು ಒಟ್ಟಿಗೆ ಹಾಕಿದರೆ ಒಂದರ ಕಾಲು ಇನ್ನೊಂದು ಕಡಿದುಹಾಕುತ್ತದೆ. ಬಸವನಹುಳು ಬೇಡ, ಚಿಪ್ಪು ನುಂಗುತ್ತದೆ.

ಮೀನು ಇಷ್ಟ ಇದ್ದರೆ ಎರಡನೇ ಟ್ಯಾಂಕ್ ಇಡಿ. ನಮ್ಮ ಮನೆಯಲ್ಲಿ ಈಗ ಹಾಗೇ ಇದೆ. ಡಿಸೆಂಬರಿನಲ್ಲಿ ಮೀನಿನ ಟ್ಯಾಂಕಿಗೆ ಹೀಟರ್ ಹಾಕುತ್ತೇನೆ, ಏಪ್ರಿಲಿನಲ್ಲಿ ಬೆಣ್ಣೆಯ ಟ್ಯಾಂಕಿಗೆ ಫ್ಯಾನ್. ಎರಡರ ನಡುವೆ ನಾಲ್ಕು ಅಡಿ ಅಂತರ. ಬಲೆ, ಪೈಪು, ಬಕೆಟ್ ಬೇರೆ ಬೇರೆ.

ಊಟ

ಎರೆಹುಳುವಿಗಿಂತ ಒಳ್ಳೆಯ ಊಟ ಇಲ್ಲ. ಈ ವಿಷಯದಲ್ಲಿ ನಾವು ಅದೃಷ್ಟವಂತರು, ಎರೆಗೊಬ್ಬರದ ತೊಟ್ಟಿ ಇಲ್ಲದ ತೋಟ ಕಡಿಮೆ. ಆದರೆ ತೊಟ್ಟಿಯಲ್ಲಿ ಎರಡು ಬಗೆಯ ಹುಳು ಇರಬಹುದು. ಸಣ್ಣದಾಗಿ, ಹಳದಿ ಕೆಂಪು ಪಟ್ಟೆ ಇರುವುದು ಒಂದು. ಮುಟ್ಟಿದರೆ ಕಹಿ ರಸ ಬಿಡುತ್ತದೆ. ಬೆಣ್ಣೆ ಅದನ್ನು ಬಾಯಿಗೆ ಎಳೆದುಕೊಂಡು ತಕ್ಷಣ ಉಗುಳುತ್ತದೆ. ಇನ್ನೊಂದು ಉದ್ದನೆಯ, ಕಂದು ನೇರಳೆ ಬಣ್ಣದ ಆಫ್ರಿಕನ್ ಹುಳು. ಅದು ಬೇಕು. ಔಷಧಿ, ಬೋರ್ಡೋ ಬೀಳದ ಜಾಗದ ಹುಳುವೇ ಆಗಬೇಕು. ಹಾಗಾಗಿ ಒಂದು ಟಬ್ಬಿನಲ್ಲಿ ನೀವೇ ಸಾಕಿಕೊಳ್ಳಿ. ಅಡುಗೆಮನೆಯ ತರಕಾರಿ ಸಿಪ್ಪೆ ಸಾಕು.

ಹುಳುವನ್ನು ತೊಳೆದು, ದೊಡ್ಡದಿದ್ದರೆ ತುಂಡು ಮಾಡಿ, ಪ್ಲಾಸ್ಟಿಕ್ ಚಿಮಟದಲ್ಲಿ ಹಿಡಿದು ಮೂತಿಯ ಮುಂದೆ ಮೆಲ್ಲಗೆ ಆಡಿಸಿ. ಮೊದಲು ಏನೂ ಆಗುವುದಿಲ್ಲ. ಆಮೇಲೆ ತಲೆ ಒಂದು ಕೂದಲೆಳೆಯಷ್ಟು ತಿರುಗುತ್ತದೆ. ಕಿವಿರು ಹಿಂದಕ್ಕೆ ಮಡಚಿಕೊಳ್ಳುತ್ತದೆ. ಮುಂದಿನ ಕ್ಷಣ ಟಪ್ ಅಂತ ಹುಳು ಮಾಯ, ತುದಿ ಮಾತ್ರ ಬಾಯಿಂದ ಆಚೆ ಅಲ್ಲಾಡುತ್ತಿರುತ್ತದೆ. ಅದು ಕಚ್ಚಿ ಅಗಿಯುವುದಿಲ್ಲ, ಎಳೆದುಕೊಳ್ಳುತ್ತದೆ. ಬಾಯಿಗೆ ಹಿಡಿಸುವಷ್ಟು ದೊಡ್ಡದು ಏನೇ ಇದ್ದರೂ ಒಳಗೆ ಹೋಗುತ್ತದೆ ಅನ್ನುವುದು ಒಮ್ಮೆ ಇದನ್ನು ಕಣ್ಣಾರೆ ನೋಡಿದವರಿಗೆ ಮತ್ತೆ ಹೇಳಬೇಕಿಲ್ಲ.

ಮರಿಗಳಿಗೆ ದಿನಾ ಊಟ. ದೊಡ್ಡದಕ್ಕೆ ವಾರಕ್ಕೆ ಎರಡು ಮೂರು ಸಲ ಸಾಕು. ಹುಳು ಸಿಗದ ದಿನ ಮುಳುಗುವ ಪೆಲೆಟ್, ಮರಿಗಳಿಗೆ ಫ್ರೀಜ್ ಮಾಡಿದ ಬ್ಲಡ್ ವರ್ಮ್. ಕೋಳಿ, ಕುರಿ ಮಾಂಸ ಬೇಡ. ಉಳಿದ ತುಂಡನ್ನು ಅರ್ಧ ಗಂಟೆಯೊಳಗೆ ತೆಗೆದುಬಿಡಿ.

ವಾರದ ಕೆಲಸ, ಕಾಯಿಲೆಯ ಗುರುತು

ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ. ಹೊಸ ನೀರು ಟ್ಯಾಂಕಿನಷ್ಟೇ ತಣ್ಣಗಿರಲಿ. ಸ್ಪಂಜನ್ನು ನಲ್ಲಿಯ ಕೆಳಗೆ ತೊಳೆಯಬೇಡಿ, ತೆಗೆದ ಹಳೇ ನೀರಲ್ಲೇ ಹಿಂಡಿ. ನೈಟ್ರೇಟ್ ಲೀಟರಿಗೆ 20 ಮಿಲಿಗ್ರಾಂ (ಟೆಸ್ಟ್ ಕಿಟ್‌ನಲ್ಲಿ 20 ಪಿಪಿಎಂ) ಒಳಗೆ ಇರಲಿ.

ಕಿವಿರು ಮುಂದಕ್ಕೆ ಸುರುಳಿಯಾಗಿದ್ದರೆ, ಬಾಲದ ತುದಿ ಕೊಕ್ಕೆಯ ಹಾಗೆ ಮಡಚಿದ್ದರೆ ಅದಕ್ಕೆ ಏನೋ ಹಿಂಸೆಯಾಗುತ್ತಿದೆ ಅಂತ. ಮೊದಲು ಥರ್ಮಾಮೀಟರ್ ನೋಡಿ, ಆಮೇಲೆ ಅಮೋನಿಯ, ಆಮೇಲೆ ಫಿಲ್ಟರಿನ ಸೆಳೆತ. ಮುಕ್ಕಾಲು ಪಾಲು ತೊಂದರೆಗೆ ಕಾರಣ ಈ ಮೂರರಲ್ಲೇ ಇರುತ್ತದೆ. ಮೈಮೇಲೆ ಹತ್ತಿಯಂಥ ಬಿಳಿ ಬೂಷ್ಟು ಕಂಡರೆ ಪ್ರಾಣಿಯನ್ನು ಮುಚ್ಚಳ ಇರುವ ಪ್ಲಾಸ್ಟಿಕ್ ಡಬ್ಬಕ್ಕೆ ಹಾಕಿ. ಮುಚ್ಚಳಕ್ಕೆ ಗಾಳಿಯಾಡಲು ತೂತು ಇರಲಿ. ಕ್ಲೋರಿನ್ ತೆಗೆದ ತಣ್ಣನೆ ನೀರನ್ನು ದಿನಾ ಪೂರ್ತಿ ಬದಲಿಸಿ. ಔಷಧಿ ಬೀಳದ ಕಾಡುಬಾದಾಮಿ ಮರದ ಒಣಗಿದ ಎಲೆಯನ್ನು ತೊಳೆದು ಒಂದು ಹಾಕಿ. ನೀರು ಚಹಾದ ಬಣ್ಣಕ್ಕೆ ಬರುತ್ತದೆ, ಬೂಷ್ಟು ಹತೋಟಿಗೆ ಬರಲು ಸಹಾಯ. ಎರಡು ಮೂರು ದಿನದಲ್ಲಿ ಕಡಿಮೆಯಾಗದಿದ್ದರೆ, ಊಟ ಬಿಟ್ಟು ವಾರವಾದರೆ, ಹೊಟ್ಟೆ ಉಬ್ಬಿ ತೇಲುತ್ತಿದ್ದರೆ ಡಾಕ್ಟರ ಹತ್ತಿರ ಹೋಗಿ. ಮೀನಿನ ಅಂಗಡಿಯ ಔಷಧಿ ಸುಮ್ನೆ ಸುರಿಯಬೇಡಿ.

ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಎರಡು ದಿನ ಹೋಗುವುದು ನಮಗೆ ಹೊಸದಲ್ಲ. ಬ್ಯಾಟರಿಯ ಏರ್ ಪಂಪ್ ಒಂದು ಮನೆಯಲ್ಲಿರಲಿ. ಕರೆಂಟು ಬರುವ ತನಕ ಊಟ ಹಾಕಬೇಡಿ.

ಹಳ್ಳಕ್ಕೆ ಬಿಡಬೇಡಿ

ಸಾಕಲು ಆಗದಿದ್ದರೆ ಬೇರೆ ಸಾಕುವವರಿಗೆ ಕೊಡಿ, ಪೋರ್ಟಲ್‌ನಲ್ಲಿ ತಿಳಿಸಿ. ಹಳ್ಳಕ್ಕೆ, ಕೆರೆಗೆ, ಯಗಚಿಗೆ, ಹೇಮಾವತಿಗೆ ಬಿಡಬೇಡಿ. ನಮ್ಮ ಪಶ್ಚಿಮ ಘಟ್ಟದ ಹಳ್ಳಗಳಲ್ಲಿರುವ ಕಪ್ಪೆಗಳಲ್ಲಿ ಎಷ್ಟೋ ಜಾತಿ ಜಗತ್ತಿನ ಬೇರೆ ಕಡೆ ಇಲ್ಲವೇ ಇಲ್ಲ. ಕಪ್ಪೆಗಳನ್ನು ಕೊಲ್ಲುವ ಕೈಟ್ರಿಡ್ ಶಿಲೀಂಧ್ರ ಸಾಕುಪ್ರಾಣಿಯ ಮೈಮೇಲೆ ಕಾಣದ ಹಾಗೆ ಬರಬಹುದು. ಟ್ಯಾಂಕಿನ ನೀರನ್ನು ಕೂಡ ತೋಡಿಗೆ ಚೆಲ್ಲಬೇಡಿ. ಗಂಡು ಹೆಣ್ಣು ಒಟ್ಟಿಗಿದ್ದು ಮೊಟ್ಟೆ ಇಟ್ಟರೆ ಒಂದೇ ಸಲಕ್ಕೆ ನೂರಾರು ಇರುತ್ತವೆ. ಅಷ್ಟನ್ನು ಸಾಕಲು ಯಾರಿಂದಲೂ ಆಗುವುದಿಲ್ಲ. ಒಂದೆರಡು ದಿನದೊಳಗೇ ತೆಗೆದು ಫ್ರೀಜರಿನಲ್ಲಿ ಗಟ್ಟಿ ಮಾಡಿ ಮಣ್ಣಲ್ಲಿ ಹೂಳಿಬಿಡಿ.

ಮದುವೆ, ಜಾತ್ರೆ ಅಂತ ನಾಲ್ಕೈದು ದಿನ ಊರು ಬಿಡಬೇಕಾದಾಗ ಚಿಂತೆ ಬೇಡ. ಬೆಳೆದ ಆಕ್ಸೊಲೋಟಲ್ ವಾರ ಊಟ ಇಲ್ಲದಿದ್ದರೂ ಇರುತ್ತದೆ. ನಾನು ಹೊರಡುವ ಹಿಂದಿನ ದಿನ ನೀರು ಬದಲಿಸುತ್ತೇನೆ, ಫ್ರೀಜರಿನಲ್ಲಿ ಆರು ಬಾಟಲಿ ಇಡುತ್ತೇನೆ, ಪಕ್ಕದ ಮನೆಯ ಅಕ್ಕನಿಗೆ ಬೀಗದ ಕೈ ಕೊಡುತ್ತೇನೆ. "ಅಕ್ಕಾ, ಊಟ ಏನೂ ಹಾಕಬೇಡಿ. ಬೆಳಿಗ್ಗೆ ಒಂದ್ಸಲ, ಮಧ್ಯಾಹ್ನ ಒಂದ್ಸಲ ಆ ಥರ್ಮಾಮೀಟರ್ ನೋಡಿ. 21 ದಾಟಿದ್ರೆ ಒಂದು ಬಾಟ್ಲಿ ಹಾಕಿ, ನಂಗೊಂದು ಫೋನ್ ಮಾಡಿ."